ಏಪ್ರಿಲ್ ಬಿಸಿಲಿನಲ್ಲಿ ಕೋಳಿಮರಿಗಳಿಗೆ ಬಲ್ಬ್ ಹಚ್ಚಬೇಕೇ?

ಲಿಂಗಸೂಗೂರು ಕಡೆಯವರು ನೀವು. ಮೊದಲ ಸಲ 25 ಗಿರಿರಾಜ ತಳಿಯ ಕೋಳಿಮರಿಗಳನ್ನು ಈ ಏಪ್ರಿಲ್‌ನಲ್ಲಿ ತರುತ್ತಿದ್ದೀರಿ. ಮರಿಗಳಿಗೆ 35 ಡಿಗ್ರಿ ಕಾವು ಬೇಕೆಂದು ಎಲ್ಲರೂ ಹೇಳುತ್ತಾರೆ, ಹಾಗಾದರೆ ಎಷ್ಟು ವ್ಯಾಟ್‌ನ ಎಷ್ಟು ಬಲ್ಬ್ ತರಲಿ ಎಂದು ಕೇಳಿದ್ದೀರಿ. ನಾಲ್ಕು ವರ್ಷಗಳ ಹಿಂದೆ ನಾನೂ ಇದೇ ಲೆಕ್ಕ ಹಾಕಿಕೊಂಡು 100 ವ್ಯಾಟ್‌ನ ಎರಡು ಬಲ್ಬ್ ತಂದಿದ್ದೆ. ಅವುಗಳಿಂದಾಗಿ ಒಂಬತ್ತು ಮರಿಗಳು ಸತ್ತವು.

ನಮ್ಮದು ಗಂಗಾವತಿ ತಾಲ್ಲೂಕು. ಮಾರ್ಚ್ ಕೊನೆಯ ವಾರ ಹಿತ್ತಲಿನ ತಗಡಿನ ಶೆಡ್‌ನಲ್ಲಿ ಮರಿ ಬಿಟ್ಟು ಒಂದು ಬಲ್ಬ್ ಹಚ್ಚಿದೆ. ರಾತ್ರಿಯೆಲ್ಲ ಚೆನ್ನಾಗಿದ್ದವು. ಮರುದಿನ ಊಟ ಮುಗಿಸಿ ಹೋಗಿ ನೋಡಿದರೆ ಅಷ್ಟೂ ಮರಿಗಳು ಅಂಚಿಗೆ ಒತ್ತಿಕೊಂಡು ನಿಂತಿವೆ. ಒತ್ತಿಕೊಂಡರೆ ಚಳಿ ಎಂದು ಎಲ್ಲೋ ಓದಿದ್ದೆ. ಎರಡನೆಯ ಬಲ್ಬನ್ನೂ ಹಚ್ಚಿ ಬಂದೆ! ಅವು ಬಾಯಿ ತೆರೆದು ಏದುಸಿರು ಬಿಡುತ್ತಿದ್ದುದನ್ನೂ ರೆಕ್ಕೆ ಅಗಲಿಸಿದ್ದುದನ್ನೂ ಕಣ್ಣು ಕಂಡಿತ್ತು, ತಲೆಗೆ ಹೋಗಲಿಲ್ಲ. ಸಂಜೆ ಹೊಲದಿಂದ ಬಂದ ಅತ್ತೆಯವರು ಬಲ್ಬ್ ಆರಿಸಿ, ಉಳಿದವನ್ನು ಬುಟ್ಟಿಗೆ ತುಂಬಿಕೊಂಡು ಮಣ್ಣಿನ ಮಾಳಿಗೆಯ ಹಳೆಮನೆಯ ಪಡಸಾಲೆಗೆ ತಂದರು. "ಇಲ್ಲಿಯ ಬಿಸಿಲು ಸಾಲದೆಂದು ದುಡ್ಡು ಕೊಟ್ಟು ಬೇರೆ ತಂದಿದ್ದೀಯಾ?" ಎಂದು ಒಂದೇ ಮಾತು ಕೇಳಿದರು.

35 ಡಿಗ್ರಿ ಎಂಬುದು ಸುಳ್ಳಲ್ಲ. ಮೊದಲ ವಾರ ಮರಿಯ ಬೆನ್ನಿನ ಎತ್ತರದಲ್ಲಿ ಸುಮಾರು ಅಷ್ಟು ಕಾವು ಇರಬೇಕು, ಆಮೇಲೆ ವಾರಕ್ಕೆ ಮೂರು ಡಿಗ್ರಿಯಂತೆ ಇಳಿಸುತ್ತ ಹೋಗಬೇಕು. ಆದರೆ ಅಷ್ಟನ್ನೂ ಬಲ್ಬೇ ಕೊಡಬೇಕೆಂದು ಯಾರೂ ಹೇಳಿಲ್ಲ. ನಮ್ಮ ಕಡೆ ಏಪ್ರಿಲ್ ಮಧ್ಯಾಹ್ನ 40 ದಾಟುತ್ತದೆ, ತಗಡಿನ ಕೆಳಗೆ ಇನ್ನೂ ಹೆಚ್ಚು. ಹಾಗಾಗಿ ಹಗಲಿನಲ್ಲಿ ನಿಮ್ಮ ಕೆಲಸ ಕಾವು ಕೊಡುವುದಲ್ಲ, ಕಳೆಯುವುದು. 25 ಮರಿಗಳಿಗೆ 60 ವ್ಯಾಟ್‌ನ ಒಂದು ಬಲ್ಬ್ ಸಾಕು. ಅದೂ ಮೊದಲ ವಾರ ನಡುರಾತ್ರಿಯಿಂದ ಬೆಳಗಾಗುವವರೆಗೆ, ಬೇಕೆನಿಸಿದರೆ ಮಾತ್ರ. ಒಳಗೆ ತಂತಿ ಕೆಂಪಾಗುವ ಹಳೆಯ ಬಲ್ಬೇ ಆಗಬೇಕು, ಎಲ್‌ಇಡಿ ಬೆಳಕು ಕೊಡುತ್ತದೆಯೇ ಹೊರತು ಮರಿಗೆ ಸಾಕಾಗುವ ಕಾವು ಕೊಡುವುದಿಲ್ಲ. ಮೇಲೆ ಕೆಳಗೆ ಮಾಡಲು ಬರುವಂತೆ ಗಟ್ಟಿ ಹಗ್ಗದಲ್ಲಿ ತೂಗುಹಾಕಿ. ಕಳಚಿ ನೆಲಕ್ಕೆ ಹಾಸಿದ ಹೊಟ್ಟಿನ ಮೇಲೆ ಬಿದ್ದರೆ ಬೆಂಕಿ ಹತ್ತುತ್ತದೆ.

ಬೇಕೋ ಬೇಡವೋ ಎಂದು ಹೇಗೆ ತಿಳಿಯುವುದು? ಚಳಿಯಾದ ಮರಿಗಳು ಬಲ್ಬಿನ ಕೆಳಗೆ ಒಂದರ ಮೇಲೊಂದು ಬಿದ್ದು ಎತ್ತರದ ದನಿಯಲ್ಲಿ ಬಿಡದೆ ಕೂಗುತ್ತವೆ. ಸೆಕೆಯಾದವು ಬಲ್ಬಿನಿಂದ ದೂರ ಸರಿದು ಅಂಚು ಹಿಡಿಯುತ್ತವೆ, ಹೆಚ್ಚು ಕೂಗುವುದಿಲ್ಲ. ನಾನು ಮೋಸಹೋದದ್ದು ಆ ಮೌನಕ್ಕೇ. ಹದವಾಗಿದ್ದರೆ ಜಾಗದ ತುಂಬ ಹರಡಿಕೊಂಡು ತಿನ್ನುತ್ತ, ಮಲಗುತ್ತ, ಸಣ್ಣಗೆ ಚಿವ್ ಚಿವ್ ಎನ್ನುತ್ತಿರುತ್ತವೆ. ಅತ್ತೆಯವರು ಕತ್ತಲಲ್ಲಿ ಹಾಸಿಗೆಯಿಂದ ಏಳದೆಯೇ ಸದ್ದು ಕೇಳಿ ಹೇಳಿಬಿಡುತ್ತಾರೆ. ನನಗೆ ಈಗಲೂ ಬ್ಯಾಟರಿ ಹಿಡಿದು ಹೋಗಿ ನೋಡಬೇಕು.

ಹಗಲಿಗೆ ಕಿಟಕಿಗಳಿಗೆ ಒದ್ದೆ ಗೋಣಿಚೀಲ ಕಟ್ಟಿ, ಗಾಳಿಯಾಡಲು ಜಾಗ ಬಿಡಿ. ನೆಲದ ಹೊಟ್ಟು ಮಾತ್ರ ಒದ್ದೆಯಾಗಬಾರದು. ಆಹಾರವನ್ನು ಬೆಳಗಿನ ತಂಪಿನಲ್ಲೂ ಸಂಜೆಯೂ ಹೆಚ್ಚು ಹಾಕಿ. ತಿಂದದ್ದು ಅರಗುವಾಗಲೂ ಮೈ ಕಾಯುತ್ತದೆ. ನೀರನ್ನು ಎರಡು ಮೂರು ಕಡೆ ಇಟ್ಟು, ಬಿಸಿಯಾದಾಗಲೆಲ್ಲ ಬದಲಿಸಿ ಮಡಕೆಯ ನೀರು ಹಾಕಿ. ಅಗಲ ತಟ್ಟೆಯಾದರೆ ಒಳಗೆ ಬೆಣಚುಕಲ್ಲು ಹರಡಿ, ಇಲ್ಲದಿದ್ದರೆ ಮರಿಗಳು ಬಿದ್ದು ಮುಳುಗುತ್ತವೆ.

ಮರಿಗಳು ಬಂದ ಕೂಡಲೇ ಆಹಾರ ಸುರಿಯಬೇಡಿ, ಮೊದಲು ನೀರು. ಪ್ರಯಾಣದ ಬಳಲಿಕೆಗೆ ಚೂರು ಬೆಲ್ಲ ಕರಗಿಸಿದ ನೀರನ್ನು ಕೆಲವು ಗಂಟೆ ಕೊಡಬಹುದು. ಒಂದೊಂದರ ಕೊಕ್ಕನ್ನೂ ಒಮ್ಮೆ ನೀರಿಗೆ ಅದ್ದಿ ತೋರಿಸಿ. ಹೊಟ್ಟೆಯೊಳಗೆ ಸೇರಿಕೊಂಡ ಮೊಟ್ಟೆಯ ಹಳದಿ ಲೋಳೆಯ ಬಲದಿಂದ ಮರಿ ಎರಡು ದಿನ ಆಹಾರವಿಲ್ಲದೆ ತಡೆಯುತ್ತದೆ, ನಮ್ಮ ಸೆಕೆಯಲ್ಲಿ ನೀರಿಲ್ಲದೆ ತಡೆಯುವುದಿಲ್ಲ.

ಹಾಸಲು ಭತ್ತದ ಹೊಟ್ಟು. ಸಿಂಧನೂರು, ಗಂಗಾವತಿಯ ಅಕ್ಕಿ ಗಿರಣಿಗಳ ಕಡೆಯಿಂದ ಒಂದು ಚೀಲ ತರಿಸಿದರೆ ಮುಗಿಯಿತು. ಮೊದಲ ಎರಡು ದಿನ ಮರಿಗಳು ಹೊಟ್ಟನ್ನೇ ತಿನ್ನದಂತೆ ಮೇಲೆ ದಪ್ಪ ರಟ್ಟು ಹಾಸಿ. ನುಣುಪಾದ ವೃತ್ತಪತ್ರಿಕೆ ಬೇಡ, ಕಾಲು ಜಾರಿ ಅಗಲಿಹೋಗುತ್ತವೆ. ಸುತ್ತ ರಟ್ಟನ್ನೋ ತಗಡನ್ನೋ ದುಂಡಗೆ ನಿಲ್ಲಿಸಿ. ಮೂಲೆಗಳಿದ್ದರೆ ಅಲ್ಲಿ ರಾಶಿಬಿದ್ದು ಕೆಳಗಿನವು ಉಸಿರುಗಟ್ಟಿ ಸಾಯುತ್ತವೆ.

ಆಹಾರದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಮರಿಗಳಿಗೆಂದೇ ಬರುವ ಸ್ಟಾರ್ಟರ್ ಕೊಡಿ. ಬರೀ ಅಕ್ಕಿನುಚ್ಚು, ಜೋಳದ ನುಚ್ಚಿನಲ್ಲಿ ಪ್ರೋಟೀನ್ ಸಾಲದು. ಮೊಟ್ಟೆಕೋಳಿಯ ಆಹಾರವಂತೂ ಬೇಡ, ಅದರಲ್ಲಿರುವ ಹೆಚ್ಚಿನ ಸುಣ್ಣದಂಶ ಮರಿಗಳ ಮೂತ್ರಪಿಂಡವನ್ನು ಕೆಡಿಸುತ್ತದೆ.

ದಿನಕ್ಕೊಮ್ಮೆ ಪ್ರತಿ ಮರಿಯನ್ನೂ ಎತ್ತಿ ಹಿಂಭಾಗ ನೋಡಿ. ಹಿಕ್ಕೆ ಅಂಟಿ ಗಟ್ಟಿಯಾಗಿದ್ದರೆ ಬೆಚ್ಚಗಿನ ನೀರಿನ ಬಟ್ಟೆಯಿಂದ ನೆನೆಸಿ ತೆಗೆಯಿರಿ, ಕೀಳಬೇಡಿ. ಆಮೇಲೆ ಸೋಪಿನಿಂದ ಕೈ ತೊಳೆದುಕೊಳ್ಳಿ. ಮೂರನೆಯ ವಾರದ ನಂತರ ಹಿಕ್ಕೆಯಲ್ಲಿ ರಕ್ತ ಕಂಡರೆ ಅದು ಬಹುಮಟ್ಟಿಗೆ ರಕ್ತಭೇದಿ. ಮನೆಮದ್ದು ಹುಡುಕುತ್ತ ಕೂರದೆ ಅಂದೇ ಪಶುವೈದ್ಯರ ಬಳಿ ಹೋಗಿ.

ಕೊಕ್ಕರೆ ರೋಗದ (ರಾಣಿಖೇತ್) ಲಸಿಕೆಯನ್ನು ಮೊದಲ ವಾರದಲ್ಲೇ, ಸಾಮಾನ್ಯವಾಗಿ ಐದರಿಂದ ಏಳನೆಯ ದಿನದೊಳಗೆ, ಕಣ್ಣಿಗೋ ಮೂಗಿಗೋ ಒಂದು ಹನಿ ಹಾಕಿಸಬೇಕು. 14ನೆಯ ದಿನದ ಸುಮಾರಿಗೆ ಗಂಬೋರೊ ಎಂಬ ಇನ್ನೊಂದು ಕೋಳಿರೋಗದ ಲಸಿಕೆ, 28ರ ಸುಮಾರಿಗೆ ಮತ್ತೆ ಕೊಕ್ಕರೆ ರೋಗದ್ದು. ತೊಡಕು ಏನೆಂದರೆ ಒಂದು ಸೀಸೆಯಲ್ಲಿ ನೂರಾರು ಕೋಳಿಗಳಿಗಾಗುವಷ್ಟು ಲಸಿಕೆ ಇರುತ್ತದೆ, ಒಮ್ಮೆ ಕಲಸಿದರೆ ಒಂದೆರಡು ಗಂಟೆಯಲ್ಲಿ ಮುಗಿಸಬೇಕು. ನಾವು ಓಣಿಯ ನಾಲ್ಕು ಮನೆಯವರು ಕೂಡಿ ತರುತ್ತೇವೆ. ಫ್ಲಾಸ್ಕ್‌ನಲ್ಲಿ ಮಂಜುಗಡ್ಡೆ ತುಂಬಿಕೊಂಡು ಹೋಗಿ. ಜೇಬಿನಲ್ಲಿಟ್ಟು ಬೈಕಿನಲ್ಲಿ ತಂದ ಲಸಿಕೆ ಮನೆ ಮುಟ್ಟುವ ಹೊತ್ತಿಗೆ ಬರೀ ನೀರು.

ಓಣಿಯಲ್ಲಿ ಕಾವಿಗೆ ಕುಳಿತು ಎರಡು ಮೂರು ವಾರವಾದ ನಾಟಿ ಹೇಟೆ ಇದ್ದರೆ ಕೇಳಿ ನೋಡಿ. ರಾತ್ರಿ ಕತ್ತಲಲ್ಲಿ ಅದರ ಕೆಳಗಿನ ಮೊಟ್ಟೆಗಳನ್ನು ತೆಗೆದು ಹತ್ತು ಮರಿಗಳನ್ನು ಸರಿಸಿಟ್ಟರೆ, ಬಹಳ ಸಲ ಬೆಳಗ್ಗೆ ತನ್ನವೆಂದೇ ಒಪ್ಪಿಕೊಳ್ಳುತ್ತದೆ. ಒಪ್ಪದೆ ಕುಕ್ಕಿದರೆ ತಕ್ಷಣ ಬೇರೆ ಮಾಡಿ.

ನಿಮ್ಮ ಕೋಣೆಯ ಮೇಲೆ ತಗಡಿದೆಯೋ ಮಾಳಿಗೆಯೋ ಎಂದು ನೀವು ಬರೆದಿಲ್ಲ. ತಗಡಾಗಿದ್ದು ಮುಂಗಡ ಇನ್ನೂ ಕೊಟ್ಟಿಲ್ಲವಾದರೆ, ಮರಿಗಳನ್ನು ಜೂನ್ ಕೊನೆಗೆ ಕೊಡುತ್ತಾರೆಯೇ ಎಂದು ಕೇಳಿ.