ಗಾಡಿ ಮಾತು: ಎಂಬತ್ತು ದಾಟಿದರೆ ನಡುಗುವ ಸ್ಟೀರಿಂಗ್

ಪ್ರಶ್ನೆ: ಸಾರ್, ನನ್ನದು 2017ರ ಪೆಟ್ರೋಲ್ ಹ್ಯಾಚ್‌ಬ್ಯಾಕ್. ಸೆಕೆಂಡ್ ಹ್ಯಾಂಡ್ ತಗೊಂಡಿದ್ದು, 62,000 ಕಿ.ಮೀ. ಓಡಿದೆ. ನೈಸ್ ರಸ್ತೆಯಲ್ಲಿ 80 ದಾಟಿದ ಕೂಡಲೇ ಸ್ಟೀರಿಂಗ್ ನಡುಗುತ್ತದೆ. 100ರ ಹತ್ತಿರ ಸ್ವಲ್ಪ ಕಡಿಮೆಯಾಗುತ್ತದೆ. ಎರಡು ಸಲ ಅಲೈನ್‌ಮೆಂಟ್ ಮಾಡಿಸಿದೆ, ಹಾಗೇ ಇದೆ. ಮುಂದಿನ ಎಡಗಡೆ ಟೈರ್ ಒಳ ಅಂಚಿನಲ್ಲಿ ಬೋಳಾಗಿದೆ, ಬಲಗಡೆಯದು ಚೆನ್ನಾಗಿದೆ. ಅಂಗಡಿಯವರು ನಾಲ್ಕೂ ಟೈರ್ ಬದಲಾಯಿಸಿ ಅಂತಾರೆ. ಏನು ಮಾಡಲಿ?
– ಓದುಗರು, ವಿಜಯನಗರ

ಉತ್ತರ: ಈಗಲೇ ನಾಲ್ಕು ಟೈರಿಗೆ ದುಡ್ಡು ಹಾಕಬೇಡಿ. ನಿಮ್ಮ ಗಾಡಿಗೆ ಇರೋದು ಒಂದಲ್ಲ, ಎರಡು ತೊಂದರೆ ಅನ್ನಿಸುತ್ತಿದೆ. ನಡುಕ ಬೇರೆ, ಸವೆತ ಬೇರೆ.

ಚಕ್ರ ಯಾವ ಕಡೆ ಮುಖ ಮಾಡಿ, ಎಷ್ಟು ವಾಲಿ ನಿಂತಿದೆ ಅಂತ ನೋಡಿ ಸರಿಪಡಿಸೋದು ಅಲೈನ್‌ಮೆಂಟ್. ಚಕ್ರದ ಸುತ್ತ ತೂಕ ಸಮ ಮಾಡೋದು ಬ್ಯಾಲೆನ್ಸಿಂಗ್. ಒಂದು ವೇಗದಲ್ಲಿ ಶುರುವಾಗಿ ಮುಂದೆ ಇಳಿಯುವ ನಡುಕ ಹೆಚ್ಚಾಗಿ ತೂಕದ್ದು, ಇಲ್ಲವೇ ಸೊಟ್ಟಗಾದ ರಿಮ್ಮಿನದು. ಹತ್ತು ಸಲ ಅಲೈನ್‌ಮೆಂಟ್ ಮಾಡಿಸಿದರೂ ಅದು ಹೋಗೋದಿಲ್ಲ. ನಡುಕ ಕೈಗೆ ಬಂದರೆ ಸಾಮಾನ್ಯವಾಗಿ ಮುಂದಿನ ಚಕ್ರ, ಸೀಟಿಗೆ ಬಂದರೆ ಹಿಂದಿನದು. ನಿಮಗೆ ಕೈಗೆ ಬರ್ತಿದೆ, ಅಲ್ವಾ? ಮೊದಲು ಮುಂದಿನ ಎರಡನ್ನು ನೋಡಿಸಿ. ಮಳೆಗಾಲದಲ್ಲಿ ರಿಮ್ಮಿನ ಒಳಗಡೆ ಕೆಸರು ಮೆತ್ತಿ ಒಣಗಿದ್ದರೂ ಸಾಕು, ತೂಕ ತಪ್ಪುತ್ತದೆ. ತೊಳೆದ ಮೇಲೆಯೇ ಮಷಿನ್‌ಗೆ ಹಾಕಿಸಿ.

ನನ್ನ ಗಾಡಿಗೇ ಇದು ಆಗಿತ್ತು. ಒಂದು ಮಳೆ ರಾತ್ರಿ, ಮನೆ ಹತ್ತಿರದ ಅಂಡರ್‌ಪಾಸ್ ದಾಟುವಾಗ ನೀರು ತುಂಬಿದ ಗುಂಡಿಗೆ ಎಡ ಚಕ್ರ ಧಡ್ ಅಂತ ಬಿತ್ತು. ಮರುದಿನದಿಂದ ನಡುಕ. ಹೊರಗಿನಿಂದ ರಿಮ್ ಹೊಸದರ ಹಾಗಿತ್ತು. ಬ್ಯಾಲೆನ್ಸಿಂಗ್ ಮಷಿನ್ ಸೊನ್ನೆ ತೋರಿಸಿತು. ಆದರೂ ನಿಲ್ಲಲಿಲ್ಲ. ಕೊನೆಗೆ ಜ್ಯಾಕ್ ಹಾಕಿ, ಸ್ಟ್ಯಾಂಡ್ ಕೊಟ್ಟು, ಸ್ಕ್ರೂಡ್ರೈವರ್ ತುದಿಯನ್ನು ರಿಮ್ಮಿನ ಒಳ ಅಂಚಿಗೆ ಇನ್ನೇನು ತಾಗಬೇಕು ಅನ್ನುವಷ್ಟು ಹತ್ತಿರ ಹಿಡಿದು ಚಕ್ರ ತಿರುಗಿಸಿದೆ. ಮುಕ್ಕಾಲು ಸುತ್ತು ಸದ್ದಿಲ್ಲ. ಆಮೇಲೆ ಟಕ್. ಮತ್ತೆ ಒಂದು ಸುತ್ತು, ಅದೇ ಜಾಗಕ್ಕೆ ಟಕ್. ಒಳ ಅಂಚು ಅಲ್ಲೊಂದು ಕಡೆ ಬಾಗಿತ್ತು. ತೂಕ ಸರಿ ಮಾಡಬಹುದು, ಆದರೆ ಚಕ್ರವೇ ದುಂಡಗಿಲ್ಲದಿದ್ದರೆ ತೂಕ ಏನು ಮಾಡೀತು? ಕಬ್ಬಿಣದ ರಿಮ್ ಆದರೆ ಸ್ವಲ್ಪ ಬಾಗಿದ್ದನ್ನು ಸರಿ ಮಾಡಿಸಬಹುದು. ಅಲಾಯ್‌ನಲ್ಲಿ ಬಿರುಕು ಕಂಡರೆ ದಯವಿಟ್ಟು ವೆಲ್ಡಿಂಗ್ ಮಾಡಿಸಬೇಡಿ, ಬದಲಾಯಿಸಿ.

ಇನ್ನು ಸವೆತ. ಸ್ಟೀರಿಂಗ್ ಪೂರ್ತಿ ತಿರುಗಿಸಿ ಗಾಡಿ ನಿಲ್ಲಿಸಿ. ಟೈರ್ ಮೇಲೆ ಅಂಗೈ ಇಟ್ಟು ಹೊರಗಿನಿಂದ ಒಳಕ್ಕೆ ಸವರಿ, ಆಮೇಲೆ ಒಳಗಿನಿಂದ ಹೊರಕ್ಕೆ. ತಂತಿ ಎದ್ದಿದ್ದರೆ ಕೈ ಹಾಕಬೇಡಿ. ಒಂದು ಕಡೆಗೆ ನುಣುಪು, ಇನ್ನೊಂದು ಕಡೆಗೆ ಗರಗಸದ ಹಲ್ಲಿನ ಹಾಗೆ ಕೈಗೆ ತಾಗಿದರೆ ಅದು ಟೋ ತಪ್ಪಿದ್ದು, ಅಂದರೆ ಚಕ್ರಗಳು ನೇರ ನೋಡದೆ ಒಳಕ್ಕೋ ಹೊರಕ್ಕೋ ಮುಖ ಮಾಡಿವೆ. ಆದರೆ ಟೋ ತಪ್ಪಿದರೆ ಸಾಮಾನ್ಯವಾಗಿ ಮುಂದಿನ ಎರಡೂ ಟೈರ್ ತಿನ್ನುತ್ತದೆ. ನಿಮ್ಮದು ಎಡಗಡೆ ಮಾತ್ರ. ಹಾಗಾಗಿ ನನಗೆ ಅನುಮಾನ ಕ್ಯಾಂಬರ್ ಮೇಲೆ, ಅಂದರೆ ಚಕ್ರದ ತಲೆ ಒಳಕ್ಕೆ ವಾಲಿದೆ. ಹಿಂದಿನ ಮಾಲೀಕರು ಯಾವುದೋ ಗುಂಡಿಗೆ ಬಿಟ್ಟು, ಚಕ್ರವನ್ನು ಹಿಡಿದಿರುವ ಲೋವರ್ ಆರ್ಮ್ ಅಥವಾ ಸ್ಟ್ರಟ್ ಬಾಗಿರಬಹುದು. ಅಲ್ಲಿನ ರಬ್ಬರ್ ಬುಷ್ ಹರಿದಿರಲೂಬಹುದು. ನಮ್ಮ ರಸ್ತೆಗಳಲ್ಲಿ ಚೇಂಬರ್ ಮುಚ್ಚಳ, ಅಗೆದು ಮುಚ್ಚಿದ ತೇಪೆ ಎಲ್ಲ ಎಡ ಅಂಚಿನಲ್ಲೇ ಜಾಸ್ತಿ. ಪೆಟ್ಟು ತಿನ್ನೋದು ಎಡ ಚಕ್ರವೇ.

ಮೆಕ್ಯಾನಿಕ್‌ಗೆ ಹೇಳಿ, ಚಕ್ರ ಎತ್ತಿಸಿ, ನೀವೇ ಪಕ್ಕದಲ್ಲಿ ನಿಂತು ನೋಡಿ. ಎಡ ಬಲ ಹಿಡಿದು ಅಲ್ಲಾಡಿಸಿದಾಗ ಲೂಸ್ ಇದ್ದರೆ ಟೈ ರಾಡ್ ಎಂಡ್. ಮೇಲೆ ಕೆಳಗೆ ಹಿಡಿದಾಗ ಆಡಿದರೆ ಬಾಲ್ ಜಾಯಿಂಟ್ ಅಥವಾ ವೀಲ್ ಬೇರಿಂಗ್. ಈ ಸಾಮಾನು ಸರಿಯಾದ ಮೇಲೆಯೇ ಅಲೈನ್‌ಮೆಂಟ್. ಲೂಸ್ ಇರುವಾಗ ಮಾಡಿಸಿದ್ದು ಅಂಗಡಿ ಗೇಟು ದಾಟಿ ಎರಡು ಹಂಪ್ ಹತ್ತುವಷ್ಟರಲ್ಲಿ ಹೋಗಿರುತ್ತದೆ. ಮಾಡಿಸಿದ ಮೇಲೆ ಮುಂಚಿನ ಮತ್ತು ಆಮೇಲಿನ ಅಂಕಿ ಇರುವ ಪ್ರಿಂಟ್ ಕೇಳಿ ಇಸ್ಕೊಳ್ಳಿ. ಎಡ ಬಲದ ಕ್ಯಾಂಬರ್‌ನಲ್ಲಿ ದೊಡ್ಡ ವ್ಯತ್ಯಾಸ ಇದ್ದರೆ ನನ್ನ ಅನುಮಾನ ನಿಜ. ತುಂಬಾ ಸಣ್ಣ ಕಾರುಗಳಲ್ಲಿ ಕ್ಯಾಂಬರ್ ತಿರುಗಿಸಿ ಸರಿಮಾಡುವ ಅವಕಾಶವೇ ಇರೋದಿಲ್ಲ, ಬಾಗಿದ ಭಾಗವನ್ನೇ ಬದಲಾಯಿಸಬೇಕು.

ಬೋಳಾದ ಟೈರ್ ಮಾತ್ರ ಇಟ್ಟುಕೊಳ್ಳಬೇಡಿ. ಗೀರಿನ ಆಳ 1.6 ಮಿ.ಮೀ. ಮುಟ್ಟಿದರೆ ಅದರ ಆಯಸ್ಸು ಮುಗಿಯಿತು. ಮಳೆಯಲ್ಲಿ ಜಾರುತ್ತದೆ. ಮುಂದಿನ ಜೋಡಿ ಹಾಕಿಸಿದರೆ ಸಾಕು, ಹಿಂದಿನವು ಚೆನ್ನಾಗಿದ್ದರೆ ಇರಲಿ.

ಪ್ರಶ್ನೆ: ಹೆಬ್ಬಾಳ ಫ್ಲೈಓವರ್ ಇಳಿಯುವಾಗ ಬ್ರೇಕ್ ಒತ್ತಿದರೆ ಮಾತ್ರ ಸ್ಟೀರಿಂಗ್, ಪೆಡಲ್ ಎರಡೂ ನಡುಗುತ್ತವೆ. ಟೈರ್ ಹೊಸದು.
– ಓದುಗರು, ಸಹಕಾರನಗರ

ಉತ್ತರ: ಬ್ರೇಕ್ ಒತ್ತಿದಾಗ ಮಾತ್ರ ಅಂದರೆ ಟೈರ್ ಬಿಡಿ, ಮುಂದಿನ ಬ್ರೇಕ್ ಡಿಸ್ಕ್ ನೋಡಿಸಿ. ಹೊಸ ಟೈರ್ ಹಾಕುವಾಗ ಗನ್ ಹಿಡಿದು ನಟ್‌ಗಳನ್ನು ಒಂದೊಂದು ಥರ ಬಿಗಿದಿದ್ದರೂ ಡಿಸ್ಕ್ ಓರೆಯಾಗುತ್ತದೆ. ಡಿಸ್ಕ್ ಎಷ್ಟು ತೆಳುವಾಗಬಹುದು ಅನ್ನೋದು ಸಾಮಾನ್ಯವಾಗಿ ಅದರ ಮೇಲೇ ಅಚ್ಚಾಗಿರುತ್ತದೆ. ಅದಕ್ಕಿಂತ ತೆಳುವಾಗಿದ್ದರೆ ಎರಡೂ ಬದಿ ಹೊಸದು ಹಾಕಿಸಿ. ತಡ ಮಾಡಬೇಡಿ, ಇದು ಬ್ರೇಕ್ ವಿಚಾರ.

ಪ್ರಶ್ನೆ: ಮಗಳ ಮನೆಗೆ ಹೋಗಿ ಎರಡು ತಿಂಗಳು ಬಿಟ್ಟು ಬಂದೆವು. ಬೇಸ್‌ಮೆಂಟಿನಲ್ಲಿ ನಿಂತಿದ್ದ ಕಾರು ಈಗ ಮೊದಲ ಮೂರು ನಾಲ್ಕು ಕಿ.ಮೀ. ಧಡಧಡ ಅನ್ನುತ್ತದೆ, ಆಮೇಲೆ ಸರಿಹೋಗುತ್ತದೆ. ಭಯಪಡಬೇಕಾ?
– ಓದುಗರು, ಜಯನಗರ

ಉತ್ತರ: ಇಲ್ಲಮ್ಮ. ಒಂದೇ ಜಾಗದಲ್ಲಿ ನಿಂತು ಟೈರಿನ ತಳ ಚಪ್ಪಟೆಯಾಗಿದೆ, ಬಿಸಿಯಾದಾಗ ಮತ್ತೆ ದುಂಡಗಾಗುತ್ತದೆ. ಡ್ರೈವರ್ ಬಾಗಿಲ ಕಂಬದ ಸ್ಟಿಕ್ಕರ್‌ನಲ್ಲಿ ಇರುವಷ್ಟು ಗಾಳಿಯನ್ನು ಟೈರ್ ತಣ್ಣಗಿರುವಾಗ ಹಿಡಿಸಿ, ಒಂದು ವಾರ ದಿನಾ ಓಡಿಸಿ. ಆಮೇಲೂ ಸದ್ದು ಉಳಿದರೆ ಟೈರ್ ಪಕ್ಕದಲ್ಲಿ DOT ಅಂತ ಶುರುವಾಗುವ ಕೋಡ್‌ನ ಕೊನೆಯ ನಾಲ್ಕು ಅಂಕಿ ಓದಿ. 2316 ಅಂತಿದ್ದರೆ 2016ರ 23ನೇ ವಾರದಲ್ಲಿ ತಯಾರಾಗಿದ್ದು. ಅಷ್ಟು ಹಳೆಯದಾದರೆ ಗೀರು ಎಷ್ಟೇ ಇದ್ದರೂ ಬದಲಾಯಿಸಿಬಿಡಿ.