ಕೈಯಿಂದ ಮಾಡಿದ ವಸ್ತು ಮಾರಿ ಅನಾಥ ಮಕ್ಕಳಿಗೆ ಸಹಾಯ ಮಾಡಬೇಕು, ಏನು ಮಾಡಿದರೆ ಜಾಸ್ತಿ ಮಾರಾಟವಾಗುತ್ತದೆ?

ಪುಣೆಯಲ್ಲಿ ನೀವು ಐದು ಜನ ಗೆಳತಿಯರು, ದೀಪಾವಳಿಗೆ ಏನಾದರೂ ಹೊಲಿದು ಮಾರಿ, ಬಂದ ದುಡ್ಡು ಒಂದು ಅನಾಥಾಶ್ರಮಕ್ಕೆ ಕೊಡಬೇಕು ಅಂತಿದ್ದೀರಿ. ನಿಮ್ಮ ಪ್ರಶ್ನೆ ಓದುತ್ತಿದ್ದಂತೆ 2017ರಲ್ಲಿ ಮುಂಬೈ ಹತ್ತಿರದ ಡೊಂಬಿವಲಿಯ ನಮ್ಮ ಮನೆಯ ಹಾಲ್ ಕಣ್ಣ ಮುಂದೆ ಬಂತು. ನಾವು ನಾಲ್ಕು ಜನ ಇದ್ದೆವು. ಇಬ್ಬರು ಧಾರವಾಡದ ಕಡೆಯವರು, ಒಬ್ಬರು ಬಾಗಲಕೋಟೆ, ಒಬ್ಬರು ಉಡುಪಿ. ಎರಡು ಹೊಲಿಗೆ ಮಷೀನು.

ಏನು ಮಾರಾಟವಾಗುತ್ತದೆ ಅನ್ನುವುದನ್ನು ಮೊದಲೇ ಹೇಳಿ ಮುಗಿಸುತ್ತೇನೆ. ಖಣ. ಗುಳೇದಗುಡ್ಡದ ಖಣ ನಮಗೆ ಕುಬಸದ ಬಟ್ಟೆ, ಇಲ್ಲಿಯ ಮರಾಠಿಗರಿಗೂ ಅದರ ಮೇಲೆ ಪ್ರಾಣ. ಪರ್ಸು, ಬಾಗಿಲ ತೋರಣ, ಆಕಾಶಬುಟ್ಟಿ, ಏನು ಮಾಡಿದರೂ ಹೋಗುತ್ತದೆ. ಕಸೂತಿ ಬೇಡ ಅಂತ ಹೇಳಲು ನನಗೆ ಸಂಕಟ, ಆದರೂ ಹೇಳುತ್ತೇನೆ. ಕಸೂತಿಯ ಗವಂತಿ ಹೊಲಿಗೆಯಲ್ಲಿ ಒಂದು ಗೋಪುರದ ಚಿತ್ರ ತೆಗೆಯಬೇಕಾದರೆ ಎಳೆ ಎಣಿಸಬೇಕು, ಗಂಟು ಹಾಕಬಾರದು, ಹಿಂದೂ ಮುಂದೂ ಒಂದೇ ತರ ಕಾಣಬೇಕು. ಎರಡು ಮಧ್ಯಾಹ್ನ ಹೋಗುತ್ತದೆ. ಅಂಥ ಕಸೂತಿ ಚೀಲಕ್ಕೆ 600 ಅಂದರೆ ಜನ ಮುಟ್ಟಿ ನೋಡಿ ಕೆಳಗಿಡುತ್ತಾರೆ. ಅದೇ 250ರ ಖಣದ ಪರ್ಸು ಮೂರು ಮೂರು ಒಯ್ಯುತ್ತಾರೆ. ಜಿಪ್ಪು, ಲೇಸು, ಮಣಿ ನಿಮಗೆ ರವಿವಾರ ಪೇಟೆಯಲ್ಲಿ ಸಗಟು ದರಕ್ಕೆ ಸಿಗುತ್ತವೆ. ನಾವು ಮಂಗಳದಾಸ್ ಮಾರ್ಕೆಟ್ ಮತ್ತು ಭುಲೇಶ್ವರಕ್ಕೆ ಲೋಕಲ್ ಹಿಡಿದು ಹೋಗುತ್ತಿದ್ದೆವು.

ಇನ್ನು ನನ್ನ ತಪ್ಪು. ಇದನ್ನು ಉದ್ದಕ್ಕೆ ಬರೆಯುತ್ತೇನೆ, ಬೇಸರ ಮಾಡಿಕೊಳ್ಳಬೇಡಿ.

ಪ್ರತಿ ವಸ್ತುವಿಗೂ ಒಂದು ಚೀಟಿ ಕಟ್ಟಿದೆವು. ಬರೆದವಳು ನಾನೇ. "ಇದರ ಪೂರ್ತಿ ಹಣ ಅನಾಥ ಮಕ್ಕಳಿಗೆ." ಕನ್ನಡದಲ್ಲಿ ಒಂದು ಸಾಲು, ಮರಾಠಿಯಲ್ಲಿ ಒಂದು ಸಾಲು. ಬರೆಯುವಾಗ ಅದು ನಿಜ ಅಂತಲೇ ಅನ್ನಿಸಿತ್ತು. ನಾವು ಒಂದು ರೂಪಾಯಿ ಕೂಲಿ ತೆಗೆದುಕೊಳ್ಳುತ್ತಿಲ್ಲ, ಲಾಭ ಇಟ್ಟುಕೊಳ್ಳುತ್ತಿಲ್ಲ, ಅಂದಮೇಲೆ ಪೂರ್ತಿ ಮಕ್ಕಳಿಗೇ ಅಲ್ವಾ? ಆದರೆ ಬಟ್ಟೆ ಸಾಲದ ಮೇಲೆ ತಂದಿದ್ದೆವು. ಅದನ್ನು ತೀರಿಸಬೇಕಾಗಿದ್ದು ಅದೇ ದುಡ್ಡಿನಿಂದ.

ಮೂರು ದಿನದಲ್ಲಿ 38,400 ರೂಪಾಯಿ ಬಂತು. ಎಲ್ಲವನ್ನೂ ಅಡುಗೆಮನೆಯ ಒಂದು ಸ್ಟೀಲ್ ಡಬ್ಬದಲ್ಲಿ ಇಟ್ಟೆ. ಹಾಲಿನವನು ಬಂದಾಗ ಚಿಲ್ಲರೆ ಅದರಿಂದಲೇ ಕೊಟ್ಟು, ಸಂಜೆ ಮತ್ತೆ ಹಾಕಿದ್ದೂ ಉಂಟು. ಬಟ್ಟೆಯವನಿಗೆ 13,800 ಕೊಟ್ಟೆ. ಉಳಿದದ್ದನ್ನು ನೋಡಿ ಧೈರ್ಯ ಬಂದು, ಸಂಕ್ರಾಂತಿಯ ಅರಿಶಿನ ಕುಂಕುಮಕ್ಕೆ ಇಲ್ಲಿಯವರು ವಾಣ ಅಂತ ಸಣ್ಣ ಸಾಮಾನು ಹಂಚುತ್ತಾರಲ್ಲ, ಅದಕ್ಕಾಗಿ ಇನ್ನೂ 11,500 ರೂಪಾಯಿಯ ಬಟ್ಟೆ ತಂದೆ. ಯಾರನ್ನೂ ಕೇಳಲಿಲ್ಲ. ಇತ್ತ ನಾವು ಸಹಾಯ ಮಾಡುತ್ತಿದ್ದ ಅನಾಥಾಶ್ರಮದಲ್ಲಿ ಹತ್ತನೇ ಕ್ಲಾಸಿನ ಆರು ಹುಡುಗಿಯರಿಗೆ ಗಣಿತ ಹೇಳಿಕೊಡುವ ಟೀಚರಿಗೆ ನವೆಂಬರಿನಿಂದ ಮಾರ್ಚ್ ತನಕ ತಿಂಗಳಿಗೆ 4,000 ಕೊಡುತ್ತೇವೆ ಅಂತ ಮಾತು ಕೊಟ್ಟಾಗಿತ್ತು.

ಡಿಸೆಂಬರಿನಲ್ಲಿ ಕೆಳಗಿನ ಮಹಡಿಯ ಮರಾಠಿ ಕಾಕು ಮೆಟ್ಟಿಲ ಮೇಲೆ ಸಿಕ್ಕರು. ಆರು ಪರ್ಸು ಕೊಂಡಿದ್ದವರು. "ನಾನು ಕೊಟ್ಟ 1,500ರಲ್ಲಿ ಮಕ್ಕಳಿಗೆ ಎಷ್ಟು ಹೋಯಿತು?" ಅಂತ ಕೇಳಿದರು. ಸಂಶಯದಿಂದಲ್ಲ, ಪ್ರೀತಿಯಿಂದಲೇ. ನನಗೆ ಉತ್ತರ ಹೇಳಲು ಬರಲಿಲ್ಲ. "ಖರ್ಚು ಕಳೆದು ಉಳಿದದ್ದು" ಅಂದೆ. ಅವರು ಚೀಟಿಯ ಮಾತು ನೆನಪಿಸಿದರು. ಲೆಕ್ಕ ತೋರಿಸಿ ಅಂದರು. ಲೆಕ್ಕ ಇರಲಿಲ್ಲ.

ಅವರು ಯಾರ ಹತ್ತಿರವೂ ಕೆಟ್ಟದ್ದು ಆಡಲಿಲ್ಲ ಅಂತ ನನಗೆ ಈಗಲೂ ನಂಬಿಕೆ. ಕೇಳಿದವರಿಗೆ ಇದ್ದದ್ದು ಹೇಳಿರಬಹುದು, ಅಷ್ಟೇ. ಸಂಕ್ರಾಂತಿಗೆ ಒಂದು ಡಜನ್ ಕೂಡ ಹೋಗಲಿಲ್ಲ. ನಮ್ಮಲ್ಲೇ ಇಬ್ಬರ ಮನೆಯಲ್ಲಿ ಮಾತಾಗಿ ಅವರು ಬರುವುದು ಬಿಟ್ಟರು. ಜನವರಿ ತನಕ ಟೀಚರಿಗೆ ಕೊಟ್ಟೆವು. ಫೆಬ್ರವರಿಯಲ್ಲಿ ಡಬ್ಬ ತೆಗೆದರೆ 1,100 ರೂಪಾಯಿ. ಪರೀಕ್ಷೆಗೆ ಒಂದು ತಿಂಗಳು ಇರುವಾಗ ಪಾಠ ನಿಂತಿತು.

ಆರರಲ್ಲಿ ಒಬ್ಬಳು ಗಣಿತದಲ್ಲಿ ನಪಾಸಾದಳು. ಪಾಠ ನಡೆದಿದ್ದರೂ ನಪಾಸಾಗುತ್ತಿದ್ದಳೇನೋ. ಆದರೆ ನಾನು ಹಾಗೆ ಅಂದುಕೊಂಡು ಸುಮ್ನೆ ಕೂರಲಾರೆ. ಆ ಮಕ್ಕಳಿಗೆ ಮಾತು ಕೊಟ್ಟು ಹೋದವರು ಮೊದಲೇ ಬೇಕಾದಷ್ಟು ಜನ ಇದ್ದರು. ನಾನೂ ಅವರ ಸಾಲಿಗೆ ಸೇರಿದೆ.

ಆದ್ದರಿಂದ ನಿಮ್ಮ ಪ್ರಶ್ನೆಯೇ ಸರಿ ಇಲ್ಲ ಅಂತ ನನಗೆ ಅನ್ನಿಸುತ್ತದೆ. ಏನು ಮಾರಬೇಕು ಅನ್ನುವುದು ದೊಡ್ಡ ಮಾತಲ್ಲ. ಕರಕುಶಲದ ದುಡ್ಡು ವರ್ಷಕ್ಕೆ ಎರಡು ಸಲ ಬರುತ್ತದೆ, ಮಗುವಿನ ಖರ್ಚು ಪ್ರತಿ ತಿಂಗಳು ಬರುತ್ತದೆ. ಪರ್ಸು ಮಾರುವುದು ಜನರ ಪರಿಚಯಕ್ಕೆ. ನಡೆಸುವುದು ಸಣ್ಣ ದೇಣಿಗೆ. ನಮ್ಮಲ್ಲಿ ಈಗ 31 ಮನೆಗಳು ತಿಂಗಳಿಗೆ 100 ರೂಪಾಯಿ ಕೊಡುತ್ತವೆ. 3,100. ಇದರ ಮೇಲೆ ಮಾತು ಕೊಡಬಹುದು. ದೀಪಾವಳಿಯ ದುಡ್ಡಿನ ಮೇಲೆ ಕೊಡಬೇಡಿ.

ಚೀಟಿಯಲ್ಲಿ ಈಗ ಹೀಗೆ ಬರೆಯುತ್ತೇವೆ: "ಬೆಲೆ 250. ಬಟ್ಟೆ, ದಾರ, ಜಿಪ್ಪು 95. ಮಕ್ಕಳಿಗೆ 155." ಇದನ್ನು ಓದಿದವರು ಚೌಕಾಸಿ ಮಾಡುವುದಿಲ್ಲ, ನಾನು ನೋಡಿದ್ದೇನೆ. ಸಾಮಾನಿನ ದುಡ್ಡಿಗೆ ಬೇರೆ ಡಬ್ಬ, ಮಕ್ಕಳ ದುಡ್ಡಿಗೆ ಬೇರೆ ಬ್ಯಾಂಕ್ ಖಾತೆ. ಊರವರ ಹತ್ತಿರ ಚಂದಾ ಎತ್ತುವುದಾದರೆ ಚಾರಿಟಿ ಕಮಿಷನರ್ ಕಚೇರಿಗೆ ಮೊದಲೇ ತಿಳಿಸಬೇಕು. ಗಣಪತಿ ಮಂಡಳಗಳು ಪ್ರತಿ ವರ್ಷ ಮಹಾರಾಷ್ಟ್ರದ ಸಾರ್ವಜನಿಕ ಟ್ರಸ್ಟ್ ಕಾಯ್ದೆಯ 41ಸಿ ಕಲಮಿನಲ್ಲಿ ಅನುಮತಿ ತೆಗೆದುಕೊಳ್ಳುತ್ತವಲ್ಲ, ಅದೇ. ತೆರಿಗೆ ರಿಯಾಯಿತಿ ಕೇಳುವವರು ನೇರ ಸಂಸ್ಥೆಗೇ ಕೊಟ್ಟು ಅದರ ರಸೀದಿ ಪಡೆಯಲಿ. ನಗದು 2,000 ದಾಟಿದರೆ ರಿಯಾಯಿತಿ ಸಿಗುವುದಿಲ್ಲ ಅನ್ನುವುದನ್ನೂ ಹೇಳಿಬಿಡಿ.

ಆಶ್ರಮ ಆರಿಸುವಾಗ 2015ರ ಬಾಲನ್ಯಾಯ ಕಾಯ್ದೆಯ ಪ್ರಕಾರ ನೋಂದಣಿ ಆಗಿದೆಯೇ ಕೇಳಿ. ತೋರಿಸಲು ಹಿಂಜರಿದರೆ ಎದ್ದು ಬನ್ನಿ. ಪರ್ಸು ಹಿಡಿಸಿ ಮಕ್ಕಳ ಫೋಟೋ ತೆಗೆದು ಹಾಕಬೇಡಿ. ಅವರ ಗುರುತು ಬಯಲು ಮಾಡುವುದು ಅದೇ ಕಾಯ್ದೆಯಲ್ಲಿ ಅಪರಾಧ. ಮಕ್ಕಳ ಕೈಯಲ್ಲೇ ವಸ್ತು ಮಾಡಿಸಬಹುದಾ ಅಂತಲೂ ಕೇಳಿದ್ದೀರಿ. ಬೇಡ. ಕಲಿಯಲು ಇಷ್ಟಪಟ್ಟರೆ ಕಲಿಸಿ, ಮಾರಲು ಮಾಡಿಸಬೇಡಿ.

ಇನ್ನೊಂದು ಮಾತು. ಆಶ್ರಮಗಳಲ್ಲಿ ಇರುವ ಎಷ್ಟೋ ಮಕ್ಕಳಿಗೆ ತಾಯಿಯೋ ಅಜ್ಜಿಯೋ ಇರುತ್ತಾರೆ. ಸಾಕಲು ಆಗದೆ ಬಿಟ್ಟಿರುತ್ತಾರೆ. ನಮ್ಮ ಮನೆಗೆಲಸದ ಅಜ್ಜಿಯ ಮಗಳು, ಅಳಿಯ ಇಬ್ಬರೂ ತೀರಿಕೊಂಡಾಗ ಎರಡು ಮೊಮ್ಮಕ್ಕಳನ್ನು ಆಶ್ರಮಕ್ಕೆ ಹಾಕುವ ಮಾತಿತ್ತು. ಮಹಾರಾಷ್ಟ್ರ ಸರ್ಕಾರದ ಬಾಲ ಸಂಗೋಪನ ಯೋಜನೆಯಲ್ಲಿ ಇಂಥ ಮಗುವಿಗೆ ಈಗ ತಿಂಗಳಿಗೆ 2,250 ರೂಪಾಯಿ ಬರುತ್ತದೆ. ಅರ್ಜಿ ತುಂಬಿ, ಮರಣ ಪ್ರಮಾಣಪತ್ರ ಜೋಡಿಸಿ, ಬಾಲ ಕಲ್ಯಾಣ ಸಮಿತಿಯ ಎದುರು ಅಜ್ಜಿಯ ಜೊತೆ ಹೋಗಿ ಕೂತೆವು. ಸರ್ಕಾರದ ಹಣ ಶುರುವಾಗುವ ತನಕ ನಮ್ಮ ನೂರು ನೂರು ಸೇರಿಸಿ ನಡೆಸಿದೆವು. ಮಕ್ಕಳು ಅಜ್ಜಿಯ ಹತ್ತಿರವೇ ಬೆಳೆಯುತ್ತಿದ್ದಾರೆ. ನಿಮ್ಮ ಓಣಿಯಲ್ಲೇ ಇಂಥ ಅಜ್ಜಿ ಇದ್ದಾಳೆಯೇ, ಮೊದಲು ಅದನ್ನು ನೋಡಿ.

ಗಣಿತದಲ್ಲಿ ನಪಾಸಾದ ಆ ಹುಡುಗಿ 2018ರ ಜುಲೈ ಮರುಪರೀಕ್ಷೆ ಬರೆದಳು. ಎರಡು ತಿಂಗಳ ಪಾಠದ ದುಡ್ಡನ್ನು ನನ್ನ ಕೈಯಿಂದ ಕೊಟ್ಟೆ, ಚಂದಾದಿಂದ ಅಲ್ಲ. ಪಾಸಾದಳು. ಹೊಸ ಚೀಟಿಯ ಮೊದಲ ಪರ್ಸು ಕೊಂಡವರು ಕೆಳಗಿನ ಕಾಕು. ಪರ್ಸಿಗಿಂತ ಚೀಟಿಯನ್ನೇ ಜಾಸ್ತಿ ಹೊತ್ತು ನೋಡಿದರು. ಆ 31 ಮನೆಗಳ ಪಟ್ಟಿಯಲ್ಲಿ ಅವರ ಹೆಸರೇ ಮೊದಲಿದೆ.