ಬಿದ್ದ ಮಳೆಯಲ್ಲಿ ನೆಲಕ್ಕೆ ಇಂಗಿದ್ದೆಷ್ಟು?

ಪ್ರಶ್ನೆ: ನಮ್ಮದು ಕೋಲಾರ ಜಿಲ್ಲೆಯ ಬೇತಮಂಗಲದ ಕಡೆಯ, ಪಾಲಾರ್ ಕಣಿವೆಗೆ ಸೇರಿದ ಹಳ್ಳಿ. ಈ ಮಳೆಗಾಲದಲ್ಲಿ 500 ಮಿ.ಮೀ. ಮಳೆಯಾಗಿದ್ದು, ತೋಟದ ತೆರೆದ ಬಾವಿಯಲ್ಲಿ ನೀರು ಒಂದೂವರೆ ಮೀಟರ್ ಏರಿದೆ. ಹಾಗಾದರೆ ಸುರಿದ ಮಳೆಯ ಮೂರು ಪಟ್ಟು ನೀರು ನೆಲದೊಳಗೆ ಸೇರಿತೇ? ಇಂಗಿದ ನೀರನ್ನು ಲೆಕ್ಕ ಹಾಕುವುದು ಹೇಗೆ?

ಉತ್ತರ: ಇಲ್ಲ. ಬಾವಿಯೊಳಗೆ ಏರಿದ್ದು ಪೂರ್ತಿ ನೀರೇ ಆದರೂ, ಬಾವಿಯ ಆಚೆ ನಿಮ್ಮ ಹೊಲದಡಿಯ ಅಷ್ಟೇ ದಪ್ಪದ ಪದರದಲ್ಲಿ ಬಹುಪಾಲು ಕಲ್ಲು ಮತ್ತು ಜೇಡಿಯೇ ಇದ್ದು, ನೀರಿಗೆ ಸಿಗುವುದು ಅವುಗಳ ನಡುವಿನ ಸಂದು ಮಾತ್ರ. ನಮ್ಮ ಭಾಗದ ಶಿಥಿಲ ಗ್ರಾನೈಟ್ ಮತ್ತು ನೈಸ್ ಶಿಲೆಗಳಲ್ಲಿ ಬಾವಿಗೆ ಒಸರಿ ಬರಬಲ್ಲ ನೀರಿನ ಪಾಲನ್ನು, ಜೇಡಿ ಕಡಿಮೆ ಇದ್ದಲ್ಲಿ ಶೇ 3 ಎಂದೂ ಹೆಚ್ಚಿದ್ದಲ್ಲಿ ಶೇ 1.5 ಎಂದೂ ಅಂತರ್ಜಲ ಅಂದಾಜಿನ ರಾಷ್ಟ್ರೀಯ ಮಾರ್ಗಸೂಚಿ ಹಿಡಿಯುತ್ತದೆ. ಜೇಡಿ ಹೆಚ್ಚೆಂದು ಇಟ್ಟುಕೊಂಡರೆ, 1,500 ಮಿ.ಮೀ. ಏರಿಕೆಯಲ್ಲಿ ನೀರಿರುವುದು 22.5 ಮಿ.ಮೀ. ಮಾತ್ರ.

ಲೆಕ್ಕ ಇಲ್ಲಿಗೇ ಮುಗಿಯುವುದಿಲ್ಲ. ಟೊಮೆಟೊ, ಹಿಪ್ಪುನೇರಳೆ ತೋಟಗಳಿಗೆ ಮಳೆಗಾಲದಲ್ಲೂ ಪಂಪು ಓಡುತ್ತಿರುವುದರಿಂದ, ಇಂಗಿದ ನೀರಿನ ಒಂದು ಭಾಗ ಬಾವಿಯ ಮಟ್ಟದಲ್ಲಿ ಕಾಣಿಸಿಕೊಳ್ಳುವ ಮೊದಲೇ ಮೇಲೆ ಬಂದಿರುತ್ತದೆ, ಅದನ್ನೂ ಕೂಡಿಸಲೇಬೇಕು. ನಿಮ್ಮ ಕಿರು ಜಲಾನಯನ 1,000 ಹೆಕ್ಟೇರ್ ಇದ್ದು, ಈ ಅವಧಿಯಲ್ಲಿ ಎಲ್ಲರೂ ಸೇರಿ 1.5 ಲಕ್ಷ ಘನ ಮೀಟರ್ ಎತ್ತಿದ್ದಾರೆ ಎಂದುಕೊಂಡರೆ, ಅದು 15 ಮಿ.ಮೀ.ಗೆ ಸಮ. ಒಟ್ಟು 37.5 ಮಿ.ಮೀ., ಅಂದರೆ ಮಳೆಯ ಶೇ 7.5. ಹೆಕ್ಟೇರಿಗೆ 3.75 ಲಕ್ಷ ಲೀಟರ್ ಆಗುವ ಇದನ್ನು ಅಲ್ಪವೆಂದು ತಳ್ಳಿಹಾಕಬೇಡಿ; ಬೇಸಿಗೆಯ ಬೆಳೆ ನಿಲ್ಲುವುದು ಇದರ ಮೇಲೆಯೇ.

ತಾಳೆ ನೋಡಲು ಇನ್ನೊಂದು ದಾರಿಯಿದೆ. ಜೇಡಿ ಹೆಚ್ಚಿರುವ ಶಿಥಿಲ ಶಿಲೆಗೆ ಮಳೆಯ ಶೇ 8ರಷ್ಟು ಇಂಗುತ್ತದೆಂದು ಅದೇ ಮಾರ್ಗಸೂಚಿ ಹೇಳುವುದರಿಂದ, 500 ಮಿ.ಮೀ.ಗೆ 40 ಮಿ.ಮೀ. ಬರುತ್ತದೆ. ಎರಡರ ನಡುವಿನ ಅಂತರ ಶೇ 20ರೊಳಗಿದ್ದರೆ ಬಾವಿಯ ಲೆಕ್ಕವನ್ನೇ ಒಪ್ಪಬಹುದು.

ಆದರೆ ಈ ಲೆಕ್ಕಕ್ಕೆ ಬೆಲೆ ಬರುವುದು ಅಳತೆ ನೇರವಾಗಿದ್ದರೆ ಮಾತ್ರ. ಮೊದಲ ಅಳತೆಯನ್ನು ಮೇ ಕೊನೆಯಲ್ಲಿ, ಎರಡನೆಯದನ್ನು ನವೆಂಬರ್‌ನಲ್ಲಿ ತೆಗೆದುಕೊಳ್ಳಿ; ನಮ್ಮಲ್ಲಿ ಸೆಪ್ಟೆಂಬರ್, ಅಕ್ಟೋಬರ್ ತಿಂಗಳ ಮಳೆಯೇ ಜೋರಾಗಿರುವುದರಿಂದ ಸೆಪ್ಟೆಂಬರ್ ಕೊನೆಗೇ ಅಳತೆ ಮುಗಿಸಿದರೆ ಫಲ ತಪ್ಪುತ್ತದೆ. ಹಿಂದಿನ ರಾತ್ರಿಯೇ ಪಂಪು ನಿಲ್ಲಿಸಿ, ಸ್ಟೀಲ್ ಟೇಪಿನ ತುದಿಯ ಒಂದೆರಡು ಅಡಿಗೆ ಸೀಮೆಸುಣ್ಣ ಬಳಿದು, ಬೆಳಿಗ್ಗೆ ಬಾವಿಗೆ ಇಳಿಬಿಟ್ಟರೆ, ಸುಣ್ಣ ಒದ್ದೆಯಾಗಿ ಬಣ್ಣಗೆಟ್ಟ ಗೆರೆಯೇ ನೀರಿನ ಮಟ್ಟವನ್ನು ತೋರಿಸುತ್ತದೆ. ಸಾವಿರ ಅಡಿಯ ಕೊಳವೆಬಾವಿಯನ್ನು ಇದಕ್ಕೆ ಬಳಸಬೇಡಿ. ಅಲ್ಲಿ ಏರುವುದು ಆಳದ ಬಿರುಕುಗಳೊಳಗಿನ ಒತ್ತಡದ ನೀರಾಗಿರಬಹುದು. ಅದಕ್ಕೆ ಮೇಲಿನ ಶೇಕಡಾವಾರು ಅನ್ವಯಿಸುವುದಿಲ್ಲ.

ಹತ್ತಿರದ ಕೆರೆಗೆ ಕೆ.ಸಿ. (ಕೋರಮಂಗಲ–ಚಲ್ಲಘಟ್ಟ) ವ್ಯಾಲಿ ಯೋಜನೆಯ ಸಂಸ್ಕರಿತ ಕೊಳಚೆ ನೀರು ಹರಿಯುತ್ತಿದ್ದರೆ ಇನ್ನಷ್ಟು ಎಚ್ಚರ ಬೇಕು. 2018ರಿಂದ ಬೆಂಗಳೂರಿನಿಂದ ಬರುತ್ತಿರುವ ಆ ನೀರಿನಿಂದ ಬಾವಿ ಏರಿದ್ದನ್ನು ಮಳೆಯ ಖಾತೆಗೆ ಬರೆದುಕೊಂಡರೆ, ಮಳೆ ಕೈಕೊಟ್ಟ ವರ್ಷ ನಮ್ಮ ನೆಲಕ್ಕೆ ಎಷ್ಟು ಸಿಗುತ್ತದೆ ಎಂಬುದೇ ತಿಳಿಯದೆ ಹೋಗುತ್ತದೆ. ಕೆರೆಯಲ್ಲಿ ನೀರು ನಿಂತ ಪ್ರತಿ ದಿನಕ್ಕೆ, ಹರವಿನ ಸರಾಸರಿ ವಿಸ್ತೀರ್ಣದ ಮೇಲೆ 1.4 ಮಿ.ಮೀ. ಇಂಗುತ್ತದೆಂದು ಹಿಡಿದು, ಆ ಪಾಲನ್ನು ಕಳೆಯಿರಿ.

ಪ್ರಶ್ನೆ: ಮಳೆಯ ಪ್ರಮಾಣವೊಂದರಿಂದಲೇ ಉತ್ತರ ಕೊಡುವ ಚತುರ್ವೇದಿ ಸೂತ್ರವನ್ನು ಕೋಲಾರಕ್ಕೆ ಬಳಸಬಹುದೇ?

ಉತ್ತರ: ಬೇಡ. 1936ರಲ್ಲಿ ರೂಪುಗೊಂಡ ಆ ಸೂತ್ರ ಗಂಗಾ–ಯಮುನಾ ನಡುವಿನ ಆಳವಾದ ಮೆಕ್ಕಲು ಮಣ್ಣಿನ ಬಯಲಿಗಾಗಿ ಮಾಡಿದ್ದು. ವರ್ಷಕ್ಕೆ 700 ಮಿ.ಮೀ. ಮಳೆ ಎಂದರೆ ಅದು ಸುಮಾರು 140 ಮಿ.ಮೀ., ಅಂದರೆ ಐದರಲ್ಲಿ ಒಂದು ಪಾಲು, ಇಂಗಿತೆನ್ನುತ್ತದೆ. ಅದನ್ನು ನಂಬಿ ನಮ್ಮ ಕಲ್ಲು ನೆಲದಲ್ಲಿ ಬೆಳೆ ಯೋಜಿಸಿದರೆ, ಇಲ್ಲದ ನೀರನ್ನು ಇದೆಯೆಂದು ಹಂಚಿದಂತಾಗುತ್ತದೆ.